ಕ್ಲೋನ್ ದನದ ಭ್ರೂಣಕ್ಕೆ ಟಿಎಸ್‌ಎ ಹಾಕೋದಾ, ಭ್ರೂಣಗಳನ್ನೇ ಕೂಡಿಸೋದಾ?

ತುಮಕೂರಿನಿಂದ ಎಂ.ಎಸ್ಸಿ ಓದುವ ತಂಗಿ ಕೇಳಿದ್ದಾಳೆ: ಕ್ಲೋನ್ ಭ್ರೂಣ ಚೆನ್ನಾಗಿ ಬೆಳೆಯಲು ಟಿಎಸ್‌ಎ ಎಂಬ ರಾಸಾಯನಿಕ ಹಾಕುವುದು, ಇಲ್ಲವೇ ಭ್ರೂಣಗಳನ್ನು ಕೂಡಿಸುವುದು, ಇವೆರಡರಲ್ಲಿ ಪ್ರಾಜೆಕ್ಟಿಗೆ ಯಾವುದು ಹಿಡಿಯಲಿ ಅಂತ.

ನೋಡಮ್ಮ, ಕ್ಲೋನ್ ಮಾಡುವಾಗ ಅಂಡಾಣುವಿನ ಕೋಶಕೇಂದ್ರ ತೆಗೆದು ಅಲ್ಲಿಗೆ ಚರ್ಮದಂಥ ಕೋಶ ಸೇರಿಸುತ್ತಾರೆ, ಹಾಗಾಗಿ ಮೊದಲು ಅಂಡಾಣು ಎಲ್ಲಿಂದ ಬರುತ್ತದೆ ಅಂತ ಯೋಚಿಸು. ಹೊರದೇಶದ ಎಷ್ಟೋ ಲ್ಯಾಬ್‌ಗಳಿಗೆ ಕಸಾಯಿಖಾನೆಯಿಂದ ಅಂಡಾಶಯ ಸಿಗುತ್ತದೆ. ನಮ್ಮ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಇರುವುದರಿಂದ ಹಸುವಿನದು ಆ ದಾರಿಯಲ್ಲಿ ಸಿಗಲ್ಲ, ಬದುಕಿರುವ ಹಸುವಿನಿಂದಲೇ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಎಳೆದು ತೆಗೆಯಬೇಕು. ಒಂದೊಂದೂ ದುಬಾರಿ. ಕೂಡಿಸುವ ವಿಧಾನದಲ್ಲಿ ಎರಡು ಮೂರು ಭ್ರೂಣ ಸೇರಿ ಒಂದಾಗುತ್ತದೆ. ಅದರಲ್ಲಿ ಜೀವಕೋಶ ಜಾಸ್ತಿ ಇರುತ್ತವೆ, ನಿಜ. ಆದರೆ ಬಳಸಿದ ಅಂಡಾಣುಗಳ ಲೆಕ್ಕ ಹಾಕಿದರೆ ಆ ಲಾಭ ಕರಗಿಹೋಗಬಹುದು.

ಟಿಎಸ್‌ಎ ಅಂದರೆ ಟ್ರೈಕೋಸ್ಟಾಟಿನ್ ಎ. ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ, ಟಿಎಸ್‌ಎ ಆ ಬಿಗಿ ಸಡಿಲಿಸುತ್ತದೆ, ಆಗ ಚರ್ಮದ ಕೋಶದ ಹಳೇ ಗುರುತು ಅಳಿಯುವುದು ಸುಲಭ. ಹೊಸ ಯಂತ್ರ ಬೇಡ, ಭ್ರೂಣ ಬೆಳೆಸುವ ದ್ರವಕ್ಕೆ (ಮೀಡಿಯಂ) ಹಾಕಿದರಾಯಿತು. ಸಾಮಾನ್ಯವಾಗಿ 50 ನ್ಯಾನೋಮೋಲಾರ್ ಆಸುಪಾಸು ಬಳಸುತ್ತಾರೆ. ಹೆಚ್ಚಾದರೆ ವಿಷ. ಸೇರಿಸುವ ಕೋಶದ ಬಗೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ, ಹಾಗಾಗಿ ಡೋಸ್ ನೀನೇ ಪರೀಕ್ಷಿಸಬೇಕು. ಹೋಲಿಕೆಗೆ, ಟಿಎಸ್‌ಎ ಕರಗಿಸುವ ದ್ರಾವಕ ಡಿಎಂಎಸ್‌ಒ ಮಾತ್ರ ಹಾಕಿದ ಗುಂಪನ್ನೂ ತಪ್ಪದೆ ಇಡು.

ಕೈಕೆಲಸ ಕೂಡಿಸುವುದರಲ್ಲೇ ಜಾಸ್ತಿ. ಹೊರಗಿನ ಜೋನಾ ಪದರ ತೆಗೆದು, ಪುಟ್ಟ ಗುಳಿಗಳಲ್ಲಿ ಜೋಡಿಸಬೇಕು. ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ (ಎನ್‌ಡಿಆರ್‌ಐ) 2009ರಲ್ಲಿ ಗರಿಮಾ ಎಮ್ಮೆಕರುವನ್ನು ಪಡೆದ ಕೈಯಲ್ಲೇ ಮಾಡುವ ಕ್ಲೋನಿಂಗ್ ನಿಮ್ಮ ಲ್ಯಾಬ್‌ನಲ್ಲಿದ್ದರೆ ಜೋನಾ ಹೇಗೂ ಹೋಗಿರುತ್ತದೆ, ಆಗ ಕೂಡಿಸುವುದು ಭಾರವಲ್ಲ.

ಅಂಡಾಣು ಕಡಿಮೆ, ಸಮಯವೂ ಕಡಿಮೆ ಅಂದರೆ ಟಿಎಸ್‌ಎ. ಅಂಡಾಣು ಧಾರಾಳವಾಗಿದ್ದು, ಹಸುವಿಗೆ ಕೂರಿಸಲು ಗಟ್ಟಿ ಭ್ರೂಣ ಬೇಕಿದ್ದರೆ ಕೂಡಿಸಿ ನೋಡಬಹುದು.