ಟಿಕ್ ಶೀಟು, ಚೀಟಿ, ಫೋನ್ ರೆಕಾರ್ಡಿಂಗು: ನಮ್ ಕ್ಲಾಸಲ್ಲಿ ಯಾವ್ದು ಕೆಲ್ಸಕ್ಕೆ ಬಂತು

ನಮ್ದು ಶ್ರೀನಿವಾಸಪುರದ ಕಡೆ ಸರ್ಕಾರಿ ಶಾಲೆ, ಆಂಧ್ರ ಗಡಿ ಹತ್ರಾನೇ, ಹಂಗಾಗಿ ಸುಮಾರು ಮಕ್ಕಳ ಮನೇಲಿ ತೆಲುಗು, ಕನ್ನಡ ಬಾಯಿಗೆ ಬರೋದೇ ಶಾಲೆಗೆ ಸೇರಿದ್ಮೇಲೆ. ಇವ್ರಿಗೆ ಟೆಸ್ಟ್ ಕೊಟ್ರೆ ಬರವಣಿಗೆ ಎಷ್ಟು ಬಂತು ಅಂತ ಗೊತ್ತಾಗುತ್ತೆ ಅಷ್ಟೇ, ಮಾತು ಎಲ್ಲಿಗೆ ಬಂತು ಅಂತ ತಿಳೀಬೇಕಂದ್ರೆ ಕ್ಲಾಸಲ್ಲೇ ಕಿವಿಗೊಟ್ಟು ಕೇಳ್ಬೇಕು. ಸಿಸಿಇ, ಅಂದ್ರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಬಂದಾಗಿಂದ ಇಲಾಖೆಯವ್ರು ಅವಲೋಕನ ಮಾಡಿ, ದಾಖಲೆ ಇಡಿ ಅಂತಾನೇ ಇದಾರೆ. ಹೆಂಗಿಡೋದು ಅನ್ನೋದಕ್ಕೆ ಮೂರು ದಾರಿ ಟ್ರೈ ಮಾಡ್ದೆ.

ಟಿಕ್ ಶೀಟ್ ಎಲ್ರಿಗೂ ಗೊತ್ತಿರೋದೇ. ಎಡಗಡೆ ಹೆಸರು, ಮೇಲೆ ‘ಸೂಚನೆ ಕೇಳಿ ಹಂಗೇ ಮಾಡುತ್ತೆ’, ‘ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳುತ್ತೆ’ ಅಂತ ಕಾಲಂಗಳು. ಬೇಗ ಆಗುತ್ತೆ, ಸಿಆರ್‌ಪಿ (ಶಾಲೆ ನೋಡೋಕೆ ಬರೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರ್ಸೋಕೂ ಸಲೀಸು, ಒಂದ್ ಹೆಸರೂ ಬಿಟ್ಟೋಗಲ್ಲ, ಅದು ದೊಡ್ಡ ಲಾಭ. ಆದ್ರೆ ಜುಲೈನಲ್ಲೂ ಟಿಕ್, ನವೆಂಬರಲ್ಲೂ ಟಿಕ್, ನಡುವೆ ಮಗು ಏನ್ ಕಲೀತು ಅಂತ ಕೇಳಿದ್ರೆ ಶೀಟ್ ಬಾಯೇ ಬಿಡಲ್ಲ.

ಚೀಟಿ ಅಂದ್ರೆ ಜೇಬಲ್ಲಿ ಒಂದ್ ಸಣ್ಣ ಪಾಕೆಟ್ ಬುಕ್, ಮಗು ಹೇಳಿದ್ದನ್ನ ಹೇಳಿದ್ ಹಂಗೇ ತಾರೀಖು ಹಾಕಿ ಬರ್ಕೊಳೋದು. ತಿದ್ದಿ ಬರೀಬಾರ್ದು, ‘ಚೆನ್ನಾಗಿ ಮಾತಾಡಿದ’ ಅಂತಾನೂ ಬರೀಬಾರ್ದು, ಅದ್ರಿಂದ ಏನೂ ಪ್ರಯೋಜನ ಇಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗಿ ಶುರುನಲ್ಲಿ ಬರೀ ಬಾಟ್ಲು ತೋರ್ಸಿ ನಿಂತ್ಕೊಳೋಳು, ಆಮೇಲೆ ‘ಮಿಸ್, ನೀಳ್ಳು ತಾಗಿ ಬರ್ತೀನಿ’, ದಸರಾ ರಜೆ ಕಳ್ದ್ಮೇಲೆ ‘ಮಿಸ್, ನೀರು ಕುಡ್ದು ಬರ್ತೀನಿ, ಅವ್ಳೂ ಬರ್ತಾಳಂತೆ’. ಆ ‘ಅಂತೆ’ ನೋಡಿ ಖುಷಿಯಾಯ್ತು, ಇನ್ನೊಬ್ರ ಮಾತನ್ನ ತಂದು ಹೇಳೋಷ್ಟು ಕನ್ನಡ ಬಂದಿದೆ. ನಡುವೆ ಬಂದ ತೆಲುಗು ಬೆರೆತ ವಾಕ್ಯಾನೂ ತಪ್ಪು ಅಂತ ಕೆಂಪು ಇಂಕಲ್ಲಿ ಹೊಡೆಯೋದಲ್ಲ, ‘ಬರ್ತೀನಿ’ ಆಗ್ಲೇ ಸರಿಯಾಗಿ ಕೂತಿತ್ತಲ್ಲ. ಇದು ಯಾವ ಟಿಕ್ಕಿಗೂ ಸಿಗಲ್ಲ.

ಕಷ್ಟ ಏನಂದ್ರೆ ಜೋರಾಗಿ ಮಾತಾಡೋ ಮಕ್ಕಳೇ ಬುಕ್ ತುಂಬಾ ತುಂಬ್ಕೊತಾರೆ, ಮೂಲೇಲಿ ಕೂತಿರೋರ ಪುಟ ಖಾಲಿ. ಅದಕ್ಕೆ ಬೆಳಗ್ಗೆ ಹಾಜರಿ ಕರೆಯುವಾಗ್ಲೇ ಇವತ್ತು ಈ ನಾಲ್ಕೈದು ಜನ ಅಂತ ಗುರುತು ಮಾಡ್ಕೋಬೇಕು, ಮತ್ತೆ ಪಾಠದ ಹೊತ್ತಿಗಿಂತ ಹಾಲು ಕೊಡೋವಾಗ, ಬಿಸಿಯೂಟದ ಸಾಲಲ್ಲಿ ಕೇಳಿದ್ರೆ ಸುಮ್ನಿರೋ ಮಕ್ಕಳೂ ಮಾತಾಡ್ತಾರೆ.

ಫೋನ್ ರೆಕಾರ್ಡಿಂಗ್ ಮಕ್ಕಳು ಹೆಂಗ್ ಓದ್ತಾರೆ ಅಂತ ನೋಡೋಕೆ ಮಾತ್ರ ಪರವಾಗಿಲ್ಲ. ಫೋನ್ ಎತ್ತಿದ್ ತಕ್ಷಣ ಮಕ್ಕಳು ಮಾತು ನಿಲ್ಸಿ ಫೋನನ್ನೇ ನೋಡ್ತಾರೆ, ಹಿಂದೆ ನಲಿ-ಕಲಿ (ಗುಂಪಲ್ಲಿ ಕೂತು ಚಟುವಟಿಕೆ ಮಾಡ್ತಾ ಕಲಿಯೋ ಪದ್ಧತಿ) ಗುಂಪುಗಳ ಗಲಾಟೆ ಬೇರೆ. ಜತೆಗೆ ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಕಲಿಸೋ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್‌ನಲ್ಲಿ ಮೂರನೇ ಕ್ಲಾಸ್ ಮುಗಿಯೋಷ್ಟರಲ್ಲಿ ನಿಮಿಷಕ್ಕೆ 60 ಪದ ಅರ್ಥ ಮಾಡ್ಕೊಂಡು ಓದ್ಬೇಕು ಅಂತಿದೆ, ರೆಕಾರ್ಡಿಂಗ್ ಕೈಲಿದ್ರೆ ನಾವು ಪದ ಎಣಿಸೋಕೆ ಕೂತ್ಬಿಡ್ತೀವಿ, ಆ ‘ಅರ್ಥ ಮಾಡ್ಕೊಂಡು’ ಅನ್ನೋದು ಮರ್ತೇಹೋಗುತ್ತೆ. ಪಟಪಟ ಓದಿ ಮುಗ್ಸಿದ ಹುಡುಗನ್ನ ಕತೇಲಿ ಮರ ಹತ್ತಿದ್ದು ಯಾರಪ್ಪಾ ಅಂದ್ರೆ ನನ್ ಮುಖ ನೋಡ್ತಾನೆ.

ಹಂಗಾಗಿ ಈಗ ಅಕ್ಷರ, ಗುಣಿತಾಕ್ಷರಕ್ಕೆ ಟಿಕ್ ಶೀಟ್, ಮಾತಿಗೆ ಚೀಟಿ, ರೆಕಾರ್ಡಿಂಗ್ ಎರಡ್ಮೂರು ತಿಂಗಳಿಗೊಮ್ಮೆ. ನೀವು ಒಬ್ರೇ ಮೂರ್ನಾಲ್ಕು ಕ್ಲಾಸ್ ನೋಡ್ಕೊಳೋರಾದ್ರೆ ರೆಕಾರ್ಡಿಂಗ್ ಬಿಟ್ಬಿಡಿ, ಚೀಟಿ ಮಾತ್ರ ಬಿಡ್ಬೇಡಿ.