ವಿಜಯಪುರದ ಮಲಿಕ್-ಎ-ಮೈದಾನ್: ತೋಪಿಗೆ ಪೂರ್ತಿ ಅಂಕ, ನೆರಳಿಗೆ ಸೊನ್ನೆ

ಗೋಳಗುಮ್ಮಟ ನೋಡಿ ಸುಸ್ತಾದ ಮೇಲೆ ಹೆಚ್ಚಿನವರು ಕೋಟೆಯ ಪಶ್ಚಿಮ ಗೋಡೆಯ ಶೇರ್ಜಾ ಬುರುಜಿಗೆ ಬರುತ್ತಾರೆ, ಎರಡು ಸೆಲ್ಫಿ ತೆಗೆದು ಹೊರಡುತ್ತಾರೆ. ಅದು ಅನ್ಯಾಯ. ಇಲ್ಲಿ ನೋಡಬೇಕಾದ್ದು ಮಲಿಕ್-ಎ-ಮೈದಾನ್ ತೋಪಿನ ಬಾಯಿ. ಬಾಯ್ತೆರೆದ ಮೃಗ, ಕೋರೆಹಲ್ಲುಗಳ ನಡುವೆ ಎರಡೂ ಬದಿಗೆ ಒಂದೊಂದು ಪುಟ್ಟ ಆನೆ. ಪಕ್ಕಕ್ಕೆ ನಿಂತು ನೋಡಿದರೆ ಆನೆ ಜಜ್ಜಿಹೋಗುತ್ತಿರುವುದು ಕಾಣುತ್ತದೆ. ನೇರ ಎದುರು ನಿಂತರೆ ಬರೀ ಕಪ್ಪು ತೂತು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಉದ್ದ ಹದಿನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು. ಗಂಟೆ ಮಾಡುವ ಲೋಹವೇ ಆದ್ದರಿಂದ ಬೆರಳಿನಿಂದ ತಟ್ಟಿದರೆ ಸಣ್ಣಗೆ ಗುಂಯ್‌ಗುಡುತ್ತದೆ. ಕಲ್ಲಿನಿಂದ ಮಾತ್ರ ಕುಟ್ಟಬೇಡಿ, ಗೀರು ಬೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿದ್ದರಂತೆ. ಪುಣ್ಯಕ್ಕೆ ರದ್ದಾಯಿತು!

ಅಲ್ಲಿಂದ ನಡೆದೇ ಉಪ್ಪಲಿ ಬುರುಜಿಗೆ ಹೋಗಿ. ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿವೆ. ಮಕ್ಕಳನ್ನು ಗೋಡೆಯ ಕಡೆಗೇ ನಡೆಸಿ. ಮೇಲಿನ ಉದ್ದನೆಯ ತೋಪು ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆ ಬಿಗಿದದ್ದು. ಎರಡನ್ನೂ ಒಂದೇ ದಿನ ನೋಡಿದರೆ ಈ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ.

ಸಮಯ ಉಳಿದರೆ ಶಿವಗಿರಿಯ 85 ಅಡಿ ಶಿವನಿದ್ದಾನೆ. ಗಾತ್ರ ಬೆರಗು ಹುಟ್ಟಿಸುತ್ತದೆ, ಆದರೆ ತೋಪಿನ ಬಾಯಿಯ ಆ ಪುಟ್ಟ ಆನೆಯ ಜೀವಂತಿಕೆ ಅಲ್ಲಿಲ್ಲ.

ನೆರಳಿಲ್ಲ, ಏಪ್ರಿಲ್-ಮೇನಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ. ನೀರು, ಟೊಪ್ಪಿಗೆ ಮರೆಯಬೇಡಿ. ಟಾಂಗಾ ಹತ್ತುವ ಮುಂಚೆ ಎಲ್ಲ ಜಾಗದ ಹೆಸರು ಹೇಳಿಯೇ ಬಾಡಿಗೆ ಮಾತಾಡಿ.