ಅಪ್ಪನ ಕೋಣೆಯ ಸಾಕೆಟ್‌ಗೆ ಟಾಸ್ಮೋಟಾ: ಎಂಟು ತಿಂಗಳ ಬಳಕೆಯ ನಂತರ

ಅಪ್ಪನಿಗೆ ಎಂಬತ್ತೊಂದು ವರ್ಷ. ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾರೆ. ಅವರ ಕೋಣೆಯ ದೀಪ ನಾಲ್ಕೂಕಾಲಿಗೆ ತಾನಾಗಿ ಹೊತ್ತಿಕೊಳ್ಳಲಿ ಎಂದು ಗೋಡೆಗೆ ಸ್ಮಾರ್ಟ್ ಸಾಕೆಟ್ ಹಾಕಿಸಿ, ಕಂಪನಿಯ ಆ್ಯಪ್‌ನಲ್ಲಿ ಸಮಯ ಹೊಂದಿಸಿದ್ದೆ. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ರಾತ್ರಿ ಇಂಟರ್ನೆಟ್ ಹೋಯಿತು. ಬೆಳಿಗ್ಗೆ ದೀಪ ಹೊತ್ತಲಿಲ್ಲ. ಅಪ್ಪ ಕತ್ತಲೆಯಲ್ಲಿ ಗೋಡೆ ತಡವುತ್ತ ನಿಂತಿದ್ದರು. ಒಂದೇ ಕೋಣೆಯಲ್ಲಿರುವ ಸಾಕೆಟ್ಟು, ದೀಪಗಳು ಎಲ್ಲೋ ಇರುವ ಸರ್ವರ್‌ನ ಅಪ್ಪಣೆಗೆ ಕಾಯಬೇಕೆಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ. ಅದೇ ವಾರ ಸಾಕೆಟ್‌ನ ಮೂಲ ಫರ್ಮ್‌ವೇರ್ (ಒಳಗಿನ ಚಿಪ್ಪನ್ನು ನಡೆಸುವ ತಂತ್ರಾಂಶ) ಅಳಿಸಿ ಟಾಸ್ಮೋಟಾ ಹಾಕಿದೆ.

ಇದು 2016ರಲ್ಲಿ ಥಿಯೋ ಅರೆಂಡ್ಸ್ ಆರಂಭಿಸಿದ ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ಆದರೆ ಎಲ್ಲ ಸಾಕೆಟ್‌ಗಳಿಗೂ ಒಗ್ಗುವುದಿಲ್ಲ. ಒಳಗೆ ಇಎಸ್‌ಪಿ8266 ಅಥವಾ ಇಎಸ್‌ಪಿ32 ಕುಟುಂಬದ ಚಿಪ್ ಇರಬೇಕು. ಹೊರನೋಟಕ್ಕೆ ತದ್ರೂಪವಾದ ಸಾಕೆಟ್‌ಗಳಲ್ಲಿ ಬೀಕೆನ್ ಚಿಪ್ ಇರುವುದೂ ಉಂಟು. ಅವಕ್ಕೆ ಓಪನ್‌ಬೀಕೆನ್ ಎಂಬ ಬೇರೆಯೇ ಫರ್ಮ್‌ವೇರ್ ಇದೆ. ನನ್ನದರಲ್ಲಿ ಇದ್ದದ್ದು ಇಎಸ್‌ಪಿ8266.

ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಸಾಕೆಟ್ಟನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ತಂದಿಟ್ಟುಕೊಂಡ ಮೇಲೆಯೇ ಉಳಿದ ಕೆಲಸ. ಇಂಥ ಉಪಕರಣಗಳ ಒಳಗಿನ ಗ್ರೌಂಡ್ ಎಷ್ಟೋ ಸಲ ನೇರವಾಗಿ ಮೇನ್ಸ್ ವಿದ್ಯುತ್ತಿಗೇ ಸೇರಿರುತ್ತದೆ. ಚಿಪ್ಪನ್ನು ಕಂಪ್ಯೂಟರಿಗೆ ಸೇರಿಸುವ ಸೀರಿಯಲ್ ಅಡಾಪ್ಟರ್ ಜೋಡಿಸಿರುವಾಗ ಮೇನ್ಸ್ ಕೊಟ್ಟರೆ ಕಂಪ್ಯೂಟರ್ ಸುಡುವುದಷ್ಟೇ ಅಲ್ಲ, ಪ್ರಾಣವೇ ಹೋದೀತು. ಅಡಾಪ್ಟರ್ 3.3 ವೋಲ್ಟ್‌ನದ್ದಾಗಿರಲಿ, 5 ವೋಲ್ಟ್ ಕೊಡಬೇಡಿ. ಐದು ಸಣ್ಣ ತಂತಿಗಳನ್ನು ಬೆಸೆದು, ಚಿಪ್‌ನ ಜಿಪಿಐಒ0 ಎಂಬ ಪಿನ್ನನ್ನು ಗ್ರೌಂಡ್‌ಗೆ ಹಿಡಿದು ಅಡಾಪ್ಟರ್‌ನಿಂದಲೇ ವಿದ್ಯುತ್ ಕೊಟ್ಟಾಗ ಚಿಪ್ ಹೊಸದನ್ನು ಬರೆಸಿಕೊಳ್ಳಲು ಸಿದ್ಧವಾಗುತ್ತದೆ. ಮೊದಲ ಎರಡು ಸಲ ಸಂಪರ್ಕ ಸಿಗಲಿಲ್ಲ, ಒಂದು ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ಹಳೆಯ ಫರ್ಮ್‌ವೇರ್‌ನ ಪ್ರತಿಯನ್ನು ತೆಗೆದಿಟ್ಟುಕೊಂಡೇ ಅಳಿಸಿದೆ. ಬರೆಯುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ನಂತರ ಸಾಕೆಟ್ ತನ್ನದೇ ವೈಫೈ ತೋರಿಸುತ್ತದೆ. ಬ್ರೌಸರ್‌ನಲ್ಲಿ 192.168.4.1 ತೆರೆದು ಮನೆಯ ವೈಫೈ ವಿವರ ಕೊಟ್ಟರಾಯಿತು.

ನನಗೆ ಮುಖ್ಯವಾದದ್ದು ಟೈಮರ್. ಟಾಸ್ಮೋಟಾದಲ್ಲಿ ಹದಿನಾರು ಟೈಮರ್‌ಗಳಿವೆ, ಎಲ್ಲವೂ ಸಾಕೆಟ್‌ನೊಳಗೇ ಉಳಿಯುತ್ತವೆ. ಆದರೆ ಚಿಪ್‌ಗೆ ಬ್ಯಾಟರಿ ಇರುವ ಗಡಿಯಾರವಿಲ್ಲ. ವಿದ್ಯುತ್ ಹೋಗಿ ಬಂದಾಗ ಅದು ಸಮಯವನ್ನು ಇಂಟರ್ನೆಟ್‌ನಿಂದ ಕೇಳಿ ಪಡೆಯುತ್ತದೆ. ಅದೇ ಹೊತ್ತಿಗೆ ಇಂಟರ್ನೆಟ್ಟೂ ಇಲ್ಲವಾದರೆ ದೀಪ ಮತ್ತೆ ಹೊತ್ತುವುದಿಲ್ಲ. ಹೀಗಾಗಿ ಮನೆಯಲ್ಲೇ ಸದಾ ನಡೆಯುವ, ಬ್ಯಾಟರಿ ಗಡಿಯಾರವಿರುವ ಪುಟ್ಟ ಕಂಪ್ಯೂಟರಿನಿಂದ ಸಮಯ ಪಡೆಯುವಂತೆ ಎನ್‌ಟಿಪಿಸರ್ವರ್1 ಆಜ್ಞೆಯಿಂದ ಹೊಂದಿಸಿದ್ದೇನೆ. ಆಮೇಲೆ ಒಮ್ಮೆ ಎರಡು ದಿನ ಇಂಟರ್ನೆಟ್ ಇರಲಿಲ್ಲ, ನಡುವೆ ವಿದ್ಯುತ್ತೂ ಹೋಗಿ ಬಂದಿತ್ತು. ದೀಪ ಹೊತ್ತಿತು.

ಇನ್ನೊಂದನ್ನು ತಪ್ಪದೆ ಮಾಡಿ. ಸಾಕೆಟ್‌ಗೆ ಆರೇಳು ಸಲ ಬೆನ್ನುಬೆನ್ನಿಗೆ ವಿದ್ಯುತ್ ಹೋಗಿ ಬಂದರೆ ಟಾಸ್ಮೋಟಾ ತನ್ನ ಹೊಂದಾಣಿಕೆಗಳನ್ನೆಲ್ಲ ಅಳಿಸಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಕೆಟ್ಟುನಿಂತ ಉಪಕರಣವನ್ನು ಉಳಿಸಿಕೊಳ್ಳಲೆಂದು ಇಟ್ಟ ದಾರಿ ಇದು. ವಿದ್ಯುತ್ ಮಿಣುಕುವ ಮನೆಗಳಲ್ಲಿ ಇದೇ ಮುಳುವಾದೀತು. ಸೆಟ್‌ಆಪ್ಷನ್65 ಎಂಬ ಆಯ್ಕೆಯನ್ನು 1 ಮಾಡಿದರೆ ಈ ಏರ್ಪಾಡು ನಿಲ್ಲುತ್ತದೆ. ಗೋಡೆಗೆ ಮರಳಿ ಕೂರಿಸುವ ಮೊದಲೇ ಅದನ್ನು ಮಾಡಿದ್ದೆ.

ನನಗೆ ತುಂಬ ಮೆಚ್ಚುಗೆಯಾದದ್ದು ವಿದ್ಯುತ್ ಅಳತೆ. ಟಾಸ್ಮೋಟಾ ಬರೆದ ಹೊಸತರಲ್ಲಿ ತೋರುವ ಅಂಕಿಗಳನ್ನು ನಂಬಬೇಡಿ. 60 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಹಾಕಿ, ಪವರ್‌ಸೆಟ್ ಆಜ್ಞೆಯಿಂದ ಸರಿಪಡಿಸಿಕೊಂಡೆ. ಸಾಕೆಟ್‌ನೊಳಗಿನ ರಿಲೇ (ಚಿಪ್ ನಡೆಸುವ ಸ್ವಿಚ್) ಒತ್ತಿಕೊಂಡ ಮಾತ್ರಕ್ಕೆ ದೀಪ ಉರಿಯುತ್ತಿದೆ ಎಂದು ಹೇಳಲಾಗದು. ಅಪ್ಪನ ಕೋಣೆಯಲ್ಲಿರುವುದು 9 ವ್ಯಾಟ್‌ನ ಎಲ್‌ಇಡಿ. ಟೈಮರ್ ಹಚ್ಚಿದ ಮೇಲೂ ಅಳತೆ ಸೊನ್ನೆಯ ಹತ್ತಿರವೇ ಇದ್ದರೆ ಆ ಪುಟ್ಟ ಕಂಪ್ಯೂಟರು ನನ್ನ ಮೊಬೈಲಿಗೆ ಎಚ್ಚರಿಕೆ ಕಳುಹಿಸುತ್ತದೆ. ಬಲ್ಬ್ ಸುಟ್ಟುಹೋದ ದಿನ ಅಪ್ಪ ಏಳುವ ಮೊದಲೇ ಹೊಸದನ್ನು ಹಾಕಿ ಬಂದಿದ್ದೆ.